ಕಾಕಾನ ಮಗ್ಗಕ್ಕೆ ಹಾಕಿದ ಕತ್ತರಿ

ಮಗ್ಗದ ಸದ್ದು ನಿಂತರೆ ಬನಹಟ್ಟಿಯ ಮಕ್ಕಳಿಗೆ ನಿದ್ದೆ ಹತ್ತುತ್ತಿರಲಿಲ್ಲ, ಅಂಥ ದಿನಗಳವು. ನೂಲಿಗೆ ಹಾಕುವ ಗಂಜಿಯ ಹುಳಿ ವಾಸನೆಯ ನಡುವೆ ಚುರುಮುರಿಯ ಸೂಸಲ ತಿನ್ನುತ್ತ, ನಾನು ನೂಲು ಸುತ್ತುವ ಖಾಲಿ ಕಂಡಿಕಿ ಒಟ್ಟಿ ಗೋಪುರ ಕಟ್ಟುತ್ತಿದ್ದೆ. ನನಗೆ ಹನ್ನೊಂದು. ಅಕ್ಕ ಸಂಗೀತಾಳಿಗೆ ಹತ್ತೊಂಬತ್ತಾಗಿದ್ದರೂ ಅದನ್ನು ಕೆಡವದೆ ಬಿಡುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಅಕ್ಕನಿಗೆ ರಕ್ತದ ಕ್ಯಾನ್ಸರ್ ಅಂದರು. ಜಮಖಂಡಿಯ ಕಾಲೇಜು ಬಿಟ್ಟು ಬೆಳಗಾವಿಯ ದವಾಖಾನೆ ಸೇರಿದಳು. ಸರಕಾರಿ ಕಾರ್ಡಿಗೆ ಬಾರದ ಇಂಜೆಕ್ಷನ್ನಿಗೆ ಅವ್ವನ ಬಂಗಾರ ಹೋಯಿತು. ಸಾಕು, ಮನಿಗೆ ಕರ್ಕೊಂಡು ಹೋಗ್ರಿ ಅಂತ ಅಕ್ಕ ಅಳುತ್ತಿದ್ದಳಂತೆ. ಅಪ್ಪ ಕೇಳಲಿಲ್ಲ, ಮಗ್ಗ ಮಾರಲು ನಿಂತ. ಕೊಳ್ಳಲು ಬಂದವನು ಅಪ್ಪನ ಸ್ವಂತ ತಮ್ಮ, ಮಲ್ಲು ಕಾಕಾ. ನಮ್ಮ ಅವಸರ ಗೊತ್ತಿದ್ದೇ ಗುಜರಿ ಭಾವಕ್ಕೆ ಕೇಳಿದ.

"ಹಳೇ ಕಬ್ಬಿಣ ಐತಣ್ಣಾ. ಬ್ಯಾಡಂದ್ರ ಬಿಡು, ನನಗೇನ ಗಡಬಡಿ ಇಲ್ಲ."

ಅಪ್ಪ ತಲೆ ತಗ್ಗಿಸಿ ಒಪ್ಪಿದ, ರೊಕ್ಕ ಹಿಡಿದು ಬೆಳಗಾವಿಗೆ ಓಡಿದ. ಇವನಿಗೆ ಶಾಸ್ತಿ ಮಾಡದಿದ್ದರೆ ನಾನು ನಮ್ಮಪ್ಪನ ಮಗಳೇ ಅಲ್ಲ ಅಂದುಕೊಂಡೆ.

ಮಗ್ಗದಲ್ಲಿ ಉದ್ದಕ್ಕೆ ಹೂಡಿದ ಎಳೆಗಳ ಹಾಸು ನೇಯ್ದು ಮುಗಿದರೂ ಹಳೆಯ ಎಳೆಗಳ ತುದಿಗಳನ್ನು ಮಗ್ಗದಲ್ಲೇ ಉಳಿಸುತ್ತಾರೆ. ಹೊಸ ಹಾಸನ್ನು ಅವಕ್ಕೆ ಕೂಡಿಸಿ ಎಳೆದರೆ ಆತು. ಆ ತುದಿ ಹೋದರೆ ಸಾವಿರಾರು ಎಳೆಗಳನ್ನು ಒಂದೊಂದಾಗಿ ಹೊಸದಾಗಿ ಪೋಣಿಸಬೇಕು. ಮಗ್ಗ ಒಯ್ಯುವ ಮುಂಚೆ ನಾನು ಕತ್ತರಿ ಹಾಕಿ ಅಷ್ಟನ್ನೂ ಕಿತ್ತೆ. ಆಗಿನ ಖುಷಿ, ಖರೆ ಹೇಳುತ್ತೇನೆ, ಹಬ್ಬದಲ್ಲೂ ಕಂಡಿರಲಿಲ್ಲ.

ಎಳೆ ಹಾಳು ಮಾಡಿದವರು ಅವರೇ ಅಂತ ಕಾಕಾ ಮಗ್ಗ ಹೊತ್ತ ಆಳುಗಳನ್ನು ಬೈದ. ಆಮೇಲೆ ಎಳೆ ಪೋಣಿಸಲು ಅವ್ವನನ್ನೇ ಕೂಲಿಗೆ ಕರೆದ. ಓಣಿಯಲ್ಲಿ ಆ ಕೆಲಸಕ್ಕೆ ಅವಳಷ್ಟು ಚುರುಕು ಯಾರೂ ಇರಲಿಲ್ಲ. ಅವ್ವ ಅಕ್ಕನ ಹತ್ತಿರ ಹೊರಟು ನಿಂತಿದ್ದಳು. ಇಂಜೆಕ್ಷನ್ನಿಗೆ ಅಷ್ಟಾದರೂ ಆದೀತು, ಎರಡು ದಿನದಾಗ ಏನಾಗೂದೈತಿ ಅಂತ ಚೀಲ ಕೆಳಗಿಟ್ಟಳು. ಎರಡೂ ದಿನ ಬೆನ್ನು ಬಾಗಿಸಿ ಪೋಣಿಸಿದಳು. ನಾನು ಬಾಯಿ ಬಿಡಲಿಲ್ಲ. ಮೂರನೆಯ ದಿನ ಬಸ್ಸು ಹತ್ತುವ ಮೊದಲೇ ಅಪ್ಪನ ಫೋನು ಬಂತು. ಅಕ್ಕ ಹೋಗಿದ್ದಳು.

ಕಾಕಾ ಎದುರಾದರೆ ಇಂದಿಗೂ ಮುಖ ತಿರುಗಿಸುತ್ತೇನೆ. ಅವನನ್ನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ಕಳೆದುಕೊಂಡದ್ದರಲ್ಲಿ ಅಕ್ಕನ ಕೊನೆಯ ಎರಡು ದಿನಗಳೇ ಅವ್ವನನ್ನು ಬಿಡದೆ ಕಾಡುತ್ತವೆ. ನೆನಪಾದಾಗೆಲ್ಲ ಶಾಪ ಹಾಕುತ್ತಾಳೆ.

"ಆ ಎಳಿ ಕತ್ತರಿಸಿದವರ ಕೈ ಕಡದ ಬೀಳಲಿ. ನನ್ನ ಮಗಳ ಮಾರಿ ನೋಡಗೊಡಲಿಲ್ಲ."

ಅವಳ ತಲೆಗೆ ಎಣ್ಣೆ ತಿಕ್ಕುತ್ತ ನಾನು ಹೂಂ ಅನ್ನುತ್ತೇನೆ.