ಸಿನಿಮಾದ ವಿಮಾನ ನಿಲ್ದಾಣದಲ್ಲಿ ಒಂದು ಪ್ರಶ್ನೆ

ಇಪ್ಪತ್ತೆಂಟು ವರ್ಷ ನಾನು ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರ ತಪಾಸಣೆ ಮಾಡಿದೆ. ನಿವೃತ್ತಳಾಗಿ ಜಯನಗರಕ್ಕೆ ಬಂದ ಮೇಲೆ ಸಿನಿಮಾ ನೋಡಲು ಸಮಯ ಸಿಕ್ಕಿತು. ಬುಧವಾರ ಮತ್ತು ಶನಿವಾರ, ಮಧ್ಯಾಹ್ನ ಎರಡರಿಂದ ನಾಲ್ಕೂವರೆ. ಸಿನಿಮಾಗಳಲ್ಲಿ ನನ್ನ ಕೆಲಸದವರು ಎರಡೇ ಬಗೆ ಎಂಬುದು ಬೇಗ ಗೊತ್ತಾಯಿತು. ಒಬ್ಬರು ಬೆಲ್ಟಿನ ಬಕಲ್ ಕೀಂಯ್ ಎಂದರೆ ಬೆಚ್ಚಿಬೀಳುವ ಪೆದ್ದರು. ಇನ್ನೊಬ್ಬರು ನಾಯಕ ಓಡಿಬಂದಾಗ ಕೈ ಎತ್ತಿ, ಸಾರ್ ಸಾರ್ ಎನ್ನುತ್ತಾ ನಿಂತಲ್ಲೇ ನಿಲ್ಲುವವರು. ನಾಯಕಿಯ ವಿಮಾನ ಹೊರಡುವುದರಲ್ಲಿದ್ದರಂತೂ ನಮ್ಮ ಇಡೀ ಸಾಲು ಅವನಿಗೆ ದಾರಿ ಬಿಡುತ್ತದೆ. ಹೆಂಗಸರ ತಪಾಸಣೆಗೆ ಪರದೆ ಕಟ್ಟಿದ ಪುಟ್ಟ ಗೂಡಿರುತ್ತದೆ. ನನ್ನ ಸೇವೆಯ ಬಹುಪಾಲು ಕಳೆದದ್ದು ಅದರೊಳಗೆ. ಅದು ಒಂದು ಸಿನಿಮಾದಲ್ಲೂ ಕಾಣಲಿಲ್ಲ. ನನಗೆ ಕೋಪವೇನೂ ಬರಲಿಲ್ಲ. ಯಾಕೆ ಹೀಗೆ ತೋರಿಸುತ್ತಾರೆ ಎಂದು ಯಾರನ್ನಾದರೂ ಕೇಳಬೇಕೆನಿಸಿತು.

ಕೇಳುವ ಅವಕಾಶ ಇಟ್ಟಮಡುವಿನಲ್ಲಿ ಸಿಕ್ಕಿತು. ಬೆಳಗಿನ ನಡಿಗೆಯಲ್ಲಿ ನನಗೆ ಜೊತೆಯಾಗುವ ಹೆಂಗಸೊಬ್ಬರ ಮನೆಯವರು ಅಲ್ಲಿ ಕಲ್ಯಾಣ ಮಂಟಪ ನಡೆಸುತ್ತಾರೆ. ಆಷಾಢದಲ್ಲಿ ಮದುವೆಗಳಿರುವುದಿಲ್ಲವಾದ್ದರಿಂದ ಆ ತಿಂಗಳು ಅದನ್ನು ಶೂಟಿಂಗಿಗೆ ಕೊಡುತ್ತಾರೆ. ಈ ಸಲ ವಿಮಾನ ನಿಲ್ದಾಣದ ಸೆಟ್ ಹಾಕಿದ್ದರು. ತಪ್ಪಿದ್ದರೆ ಹೇಳಲು ನಾನು ಬರಬಹುದೆಂದು ಅವರೇ ನಿರ್ದೇಶಕನಿಗೆ ತಿಳಿಸಿದ್ದರು. ಒಂಬತ್ತಕ್ಕೆ ಬನ್ನಿ ಎಂದಿದ್ದರು, ಎಂಟು ಐವತ್ತಕ್ಕೆ ಹೋದೆ. ನಿರ್ದೇಶಕ ಬಂದದ್ದು ಹತ್ತೂವರೆಗೆ.

ಊಟದ ಹಾಲ್‌ನಲ್ಲಿ ಸೆಟ್. ಎಕ್ಸ್‌ರೇ ಯಂತ್ರ ಪ್ಲೈವುಡ್ಡಿನದು, ಅದರ ಬಾಯಿಗೆ ಕಾರಿನ ಮ್ಯಾಟ್ ಕತ್ತರಿಸಿ ಪಟ್ಟಿಗಳನ್ನು ತೂಗುಬಿಟ್ಟಿದ್ದರು. ಬ್ಯಾಗ್ ಸಾಗುವ ಬೆಲ್ಟನ್ನು ಇಬ್ಬರು ನೆಲದ ಮೇಲೆ ಮಲಗಿ ಎಳೆಯುತ್ತಿದ್ದರು. ಕೈ ತೊಳೆಯುವ ನಲ್ಲಿಗಳ ಸಾಲನ್ನು ಸೆಂಟಿನ ದೊಡ್ಡ ಜಾಹೀರಾತಿನಿಂದ ಮುಚ್ಚಿದ್ದರು.

ನನ್ನ ಪ್ರಶ್ನೆಯನ್ನು ನಿರ್ದೇಶಕನ ಮುಂದಿಟ್ಟೆ. ಮೂವತ್ತು ದಾಟಿರದ, ಮರ್ಯಾದಸ್ಥ ಹುಡುಗ. ಸ್ವಲ್ಪ ಯೋಚಿಸಿ ಹೇಳಿದ: "ಮೇಡಂ, ಬೇಜಾರ್ ಮಾಡ್ಕೋಬೇಡಿ. ಸಿನಿಮಾದಲ್ಲಿ ನೀವು ಒಂಥರಾ ಬಾಗಿಲು. ಹೀರೋ ಒಳಗೆ ಹೋಗ್ಬೇಕು ಅಷ್ಟೆ. ಬಾಗಿಲಿಗೆ ಮಾತು ಕೊಟ್ರೆ ಕಾಮಿಡಿ ಆಗುತ್ತೆ."

ಉತ್ತರ ಸರಳವಾಗಿತ್ತು, ನಿಜವೂ ಇರಬಹುದು ಅನಿಸಿತು. ಆಮೇಲೆ ಅವನು ತಪ್ಪುಗಳನ್ನು ಕೇಳಿದ. ಕಾದ ಹೊತ್ತಿನಲ್ಲಿ ಸೆಟ್ಟನ್ನೂ ದೃಶ್ಯದ ಕಾಗದವನ್ನೂ ನೋಡಿ ಒಂಬತ್ತು ಬರೆದಿಟ್ಟುಕೊಂಡಿದ್ದೆ, ಕ್ರಮವಾಗಿ ಓದಿದೆ. ಏಳನೆಯದು ಸಂಭಾಷಣೆಯ ತಪ್ಪು. ತಪಾಸಣೆ ಮಾಡುವವಳು ನಾಯಕಿಯ ಬೆನ್ನು ಸವರುತ್ತಾ, ಏನ್ ಮೇಡಂ, ಬಾಂಬ್ ಇಟ್ಕೊಂಡಿದ್ದೀರಾ ಎಂದು ಕೇಳಬೇಕಿತ್ತು. ಆ ಶಬ್ದವನ್ನು ನಾವು ತಮಾಷೆಗೂ ಆಡುವುದಿಲ್ಲ, ಗೂಡಿನಲ್ಲಿ ಕೈಸನ್ನೆಯೇ ಸಾಕು ಎಂದೆ. ಅವನಿಗೆ ಬಹಳ ಹಿಡಿಸಿತು. ಮೌನವಾಗಿಯೇ ಮಾಡಿಸುತ್ತೇನೆಂದು ಕಾಗದದ ಮೇಲಿನ ಆ ಸಾಲಿಗೆ ಗೀಟು ಹಾಕಿದ.

ಹಿಂದೆ ಯಾರೋ ಕುರ್ಚಿ ಎಳೆದುಕೊಂಡು ಕೂತ ಸದ್ದು. ತಿರುಗಿದರೆ ನನ್ನ ಹಳೆಯ ಸಮವಸ್ತ್ರದಂಥದ್ದನ್ನೇ ತೊಟ್ಟ, ನಲವತ್ತರ ಹೆಂಗಸು. ಆ ಪಾತ್ರ ಮಾಡಬೇಕಿದ್ದವಳು. ಸುಬ್ರಹ್ಮಣ್ಯಪುರದಲ್ಲಿ ಬಟ್ಟೆ ಹೊಲಿಯುತ್ತಾಳೆ, ಕರೆ ಬಂದ ದಿನ ಸಿನಿಮಾದ ಗುಂಪಿನಲ್ಲಿ ನಿಲ್ಲುತ್ತಾಳೆ. ಸಂತೆ, ಕೋರ್ಟು, ಆಸ್ಪತ್ರೆ ಎಲ್ಲ ಕಡೆ ನಿಂತಿದ್ದಾಳಂತೆ.

ಅವಳ ಮುಖ ಸಪ್ಪಗಿತ್ತು, ಏನಾಯಿತೆಂದು ಕೇಳಿದೆ.

"ಏನಿಲ್ಲ ಅಕ್ಕ. ಹನ್ನೊಂದು ವರ್ಷಕ್ಕೆ ಮೊದಲ್ನೇ ಡೈಲಾಗ್ ಅದು. ಡೈಲಾಗ್ ಇದ್ರೆ ಕ್ಯಾಮೆರಾ ಮುಖಕ್ಕೆ ಬರಲೇಬೇಕು. ನನ್ ಮಗಳು ಪ್ರತಿ ಪಿಕ್ಚರಲ್ಲೂ ನನ್ನ ಹುಡುಕ್ತಾಳೆ. ಒಂದ್ಸಲಾನೂ ಸಿಕ್ಕಿಲ್ಲ." ಸಮವಸ್ತ್ರದ ಗುಂಡಿ ಸರಿಪಡಿಸುತ್ತಾ ಸೇರಿಸಿದಳು: "ನೀವು ಹೇಳಿದ್ದು ಸರಿನೇ ಬಿಡಿ."

ಸರಿಯೇ ಆಗಿತ್ತು. ಅದೇ ಕಷ್ಟ. ತಪ್ಪೆಂದು ಹೇಳಿ ವಾಪಸ್ ಪಡೆಯುವಂತಿರಲಿಲ್ಲ.

ಅಲ್ಲೇ ನಿಂತು ಕೆಲಸವನ್ನು ಮೊದಲಿನಿಂದ ನೆನೆಸಿಕೊಂಡೆ. ಟ್ರೇ ಬರುತ್ತದೆ, ಪ್ರಯಾಣಿಕರು ಲೋಹ ಪತ್ತೆಯ ಚೌಕಟ್ಟು ದಾಟುತ್ತಾರೆ, ಗೂಡಿಗೆ ಬರುತ್ತಾರೆ, ಬೋರ್ಡಿಂಗ್ ಚೀಟಿಗೆ ಮುದ್ರೆ. ಇದರಲ್ಲಿ ನಾವು ಮಾತಾಡಲೇಬೇಕಾದ ಜಾಗ ಎಲ್ಲಿದೆ? ಒಂದಿತ್ತು. ಬ್ಯಾಗಿನಲ್ಲಿ ಏನೋ ಸ್ಪಷ್ಟವಾಗದಿದ್ದರೆ ಅದನ್ನು ಪಕ್ಕಕ್ಕೆ ಇಡುತ್ತೇವೆ. ತೆರೆಯುವ ಮುಂಚೆ ಅದು ಯಾರದೆಂದು ಕೇಳಲೇಬೇಕು. ಉತ್ತರ ಬರುವವರೆಗೆ ಕಣ್ಣು ಅವರ ಮುಖದ ಮೇಲಿರಬೇಕು.

ನಿರ್ದೇಶಕನಿಗೆ ಹೇಳಿದೆ. ಇದರಲ್ಲಿ ನಗು ಎಲ್ಲಿದೆ ಎಂದ. ವಾದ ಮಾಡದೆ ಅವನ ಹೆಗಲಚೀಲವನ್ನು ಕೇಳಿ ಪಡೆದು ಮೇಜಿನ ಮೇಲಿಟ್ಟೆ. ಆ ಹೆಂಗಸಿಗೆ ಎಲ್ಲಿ ನಿಲ್ಲಬೇಕು, ಕೈ ಎಲ್ಲಿರಬೇಕು ಎಂದು ತೋರಿಸಿದೆ. ದನಿ ಏರಿಸಬಾರದು, ನಗಬಾರದು, ಗದರಬಾರದು ಎಂದೆ.

ಅವಳು ಅವನನ್ನು ನೋಡಿ ಕೇಳಿದಳು: "ಇದು ನಿಮ್ಮ ಬ್ಯಾಗಾ?"

ಹುಡುಗ ಬಾಯಿ ತೆರೆದವನು ನಿಂತ. ಒಂದು ಕೈ ತಾನಾಗಿಯೇ ಜೇಬಿಗೆ ಹೋಯಿತು. ಬ್ಯಾಗನ್ನೊಮ್ಮೆ ನೋಡಿದ, ಅವಳನ್ನೊಮ್ಮೆ ನೋಡಿದ.

"ಹೌದು... ನಂದೇ."

ನೆಲದ ಮೇಲೆ ಮಲಗಿದ್ದ ಇಬ್ಬರಲ್ಲೊಬ್ಬ ಕೆಳಗಿನಿಂದಲೇ, "ಡೌಟಾ ಗುರು?" ಎಂದ. ನಿರ್ದೇಶಕ ತಾನೇ ನಕ್ಕುಬಿಟ್ಟ. ಈ ಪ್ರಶ್ನೆಗೆ ಎಂಥವರೂ ಹೀಗೆ ತಡವರಿಸುವುದನ್ನು ನಾನು ದಿನವೂ ನೋಡಿದ್ದೆ. ಕಾರಣ ಇಂದಿಗೂ ತಿಳಿಯದು. ಮಧ್ಯಾಹ್ನದ ಊಟಕ್ಕೆ ಮುಂಚೆ ಆ ದೃಶ್ಯ ತೆಗೆದರು. ಮೂರನೆಯ ಸಲಕ್ಕೆ ಓಕೆ ಆಯಿತು.

ಸಿನಿಮಾ ಬಿಡುಗಡೆಯಾದಾಗ ಅವಳು ಫೋನ್ ಮಾಡಿದಳು. ಜೆ.ಪಿ. ನಗರದ ಚಿತ್ರಮಂದಿರದಲ್ಲಿ ಬೆಳಗಿನ ಆಟಕ್ಕೆ ಅವಳ ಕಾಲೇಜು ಓದುವ ಮಗಳು, ಅವಳು, ನಾನು ಸಾಲಾಗಿ ಕೂತೆವು. ಇಂಟರ್‌ವಲ್ಲಿಗೆ ಮುಂಚೆ ವಿಮಾನ ನಿಲ್ದಾಣ ಬಂತು. ಯಂತ್ರದ ಮಾನಿಟರಿನಲ್ಲಿ ಬ್ಯಾಗಿನ ಚಿತ್ರ, ಅದರ ಎಡಮೂಲೆಯಲ್ಲಿ ಕಪ್ಪಗೆ ಉದ್ದನೆಯದೇನೋ. ಕೊಡೆಯ ಹಿಡಿಯೇ, ಬೇರೇನಾದರೂ ಇರಬಹುದೇ ಎಂದು ನೋಡುತ್ತಿದ್ದೆ. ಅಷ್ಟರಲ್ಲಿ ಮಗಳು "ಅಮ್ಮಾ" ಎಂದು ಪಿಸುಗುಟ್ಟಿದಳು. ದೃಶ್ಯ ಮುಗಿದಿತ್ತು.

ಇಂಟರ್‌ವಲ್ಲಿನಲ್ಲಿ ಅವಳು ಕೇಳಿದಳು: "ಹೆಂಗ್ ಬಂದಿತ್ತು ಅಕ್ಕ, ನನ್ ಮುಖ?"

ನೋಡಲಿಲ್ಲ, ಮಾನಿಟರು ನೋಡುತ್ತಿದ್ದೆ ಎಂದು ಒಪ್ಪಿಕೊಂಡೆ. ಮಗಳು ಹೊಟ್ಟೆ ಹಿಡಿದು ನಕ್ಕಳು. ತಾಯಿ ಸೆರಗು ಸರಿಮಾಡಿಕೊಂಡಳು. ಕೌಂಟರಿಗೆ ಹೋಗಿ ಮುಂದಿನ ಆಟಕ್ಕೆ ಮೂರು ಟಿಕೆಟ್ ತಂದೆ. ನನ್ನ ಊಟದ ಹೊತ್ತು ಮೀರಿಹೋಯಿತು.

ಎರಡನೆಯ ಸಲ ಮಗಳು ನನ್ನ ಪಕ್ಕಕ್ಕೆ ಬಂದು ಮೊಣಕೈ ಹಿಡಿದು ಕೂತಳು. "ಈಗ ನೋಡಿ ಆಂಟಿ" ಎಂದು ಅಮುಕಿದಳು. ನೋಡಿದೆ. ಪರದೆಯ ತುಂಬ ತಾಯಿಯ ಮುಖವೇ ಇತ್ತು. ಪ್ರಶ್ನೆ ಕೇಳಿ ಉತ್ತರ ಬರುವವರೆಗೆ ಅವಳು ಕಣ್ಣು ಕದಲಿಸಲಿಲ್ಲ. ಕತ್ತಲಲ್ಲೇ ಮಗಳ ಆಚೆಗೆ ಬಾಗಿ, ಕೆಲಸ ಸರಿಯಾಗಿದೆ ಎಂದು ಅವಳಿಗೆ ಹೇಳಿದೆ.