ಕೆಂಚಿ ಕೆರೆದುಕೊಳ್ಳುತ್ತಿರಲಿಲ್ಲ

1974ರಲ್ಲಿ ನಾವು ತಮಿಳುನಾಡಿನ ಧರ್ಮಪುರಿ ಜಿಲ್ಲೆಯಲ್ಲಿ, ಹೊಗೆನಕಲ್ ದಾರಿಯ ಒಂದು ಹಳ್ಳಿಯಲ್ಲಿದ್ದೆವು. ನನ್ನ ಕೆಲಸ ಮನೆವಾರ್ತೆ: ಒಲೆ, ನೀರು, ಕುರಿಹಟ್ಟಿ, ಹಟ್ಟಿ ಕಾಯುವ ನಾಯಿ ಕೆಂಚಿಗೆ ಎರಡು ಹೊತ್ತು ಮುದ್ದೆ. ಇದನ್ನು ಯಾರೂ ಉದ್ಯೋಗವೆನ್ನುವುದಿಲ್ಲ. ನಾನು ಅನ್ನುತ್ತೇನೆ.

ಆ ವರ್ಷ ಕೆಂಚಿಯ ಕೂದಲು ಉದುರಿತು. ಎರಡು ಪಕ್ಕೆಗಳಲ್ಲೂ ಒಂದೇ ಸಮ. ಆಮೇಲೆ ಬಾಲ ಬೋಳಾಯಿತು. ತಿನ್ನುವುದು ಮೊದಲಿನಷ್ಟೇ, ಮೈ ಮಾತ್ರ ದಪ್ಪವಾಗುತ್ತಿತ್ತು. ಬೇಸಿಗೆಯಲ್ಲೂ ಒಲೆಯ ಪಕ್ಕ ಬಂದು ಮಲಗುತ್ತಿತ್ತು.

ನನ್ನ ಗಂಡನ ಅಣ್ಣ ಶಂಕಗಿರಿಯ ಲಾರಿ ಶೆಡ್ಡಿನಲ್ಲಿದ್ದರು, ವಾರಕ್ಕೊಮ್ಮೆ ಊರಿಗೆ ಬರುವರು. ಒಂದು ಡಬ್ಬ ಸುಟ್ಟ ಇಂಜಿನ್ ಆಯಿಲ್ ತಂದರು. ಕುರಿಗೆ ಕಜ್ಜಿಯಾದರೆ ನಮ್ಮಲ್ಲಿ ಅದನ್ನೇ ಬಳಿದು ಬಿಸಿಲಿಗೆ ಕಟ್ಟುತ್ತಿದ್ದರು.

"ಕಜ್ಜಿ ಕುರಿಗ್ ಅಂಟ್ಕಂಡ್ರೆ ಹಟ್ಟಿನೇ ಓಯ್ತದೆ. ತಲೆ ಇಡ್ಕಳಮ್ಮಿ."

ನಾನೇ ಹಿಡಿದೆ. ಕುರಿಯಲ್ಲ ಇದು, ಮೈಯೆಲ್ಲ ನೆಕ್ಕಿಕೊಳ್ಳುತ್ತದೆ ಎಂಬಷ್ಟು ಬುದ್ಧಿ ಅಲ್ಲಿ ಯಾರಿಗೂ ಇರಲಿಲ್ಲ, ನನಗೂ. ಮೂರು ದಿನ ಕಪ್ಪು ವಾಂತಿ, ಮೈಮೇಲೆ ಬೊಬ್ಬೆ. ಆ ಪಾಪದಲ್ಲಿ ನನ್ನ ಪಾಲೂ ಇದೆ. ನಮ್ಮ ಮನೆದೇವರು ಬೀರಪ್ಪನ ದಯೆ, ಜೀವ ಉಳಿಯಿತು.

ಮುಂದಿನ ವಾರ ಭಾವ, "ಲಾರೀಲಿ ಆಕಂಡೋಗಿ ಎಲ್ಲಾರ ಬಿಟ್ ಬತ್ತೀನಿ" ಎಂದರು. ಮೊದಲು ಡಾಕ್ಟರಿಗೆ ತೋರಿಸಿ ಎಂದು ಗಂಡನಿಗೆ ಹೇಳಿ ನಾನು ಒಲೆ ಹಚ್ಚದೆ ಕುಳಿತೆ. ಗಾಡಿ ಕಟ್ಟಿದರು.

ದನದ ಆಸ್ಪತ್ರೆಯ ಡಾಕ್ಟರು ತಮಿಳರು. ಕೆರೆದುಕೊಳ್ಳುತ್ತದೆಯೇ ಎಂದು ಭಾವನನ್ನು ಕೇಳಿದರು.

"ಆಮಾ ಸಾರ್, ಯಾವಾಗ್ಲೂ!"

ವಾರಕ್ಕೊಮ್ಮೆ ಬರುವವರು! ಭಾವನ ಮುಂದೆ ಹೆಂಗಸರು ಬಾಯಿ ತೆರೆಯುವಂತಿರಲಿಲ್ಲ. ಬಾಗಿಲ ಹೊರಗೆ ನಿಂತಿದ್ದ ನನಗೆ ರಕ್ತ ಕುದಿಯಿತು.

"ಇಲ್ಲ ಸಾರ್, ಒಂದ್ ಸಲಾನೂ ಕೆರ್ಕಂಡಿಲ್ಲ."

"ಸುಮ್ನಿರಮ್ಮಿ, ನಿಂಗೇನ್ ತಿಳೀತದೆ?"

"ದಿನಾ ಇಟ್ ಆಕೋಳು ನಾನು ಭಾವ."

ಡಾಕ್ಟರು ನನ್ನ ಕಡೆ ತಿರುಗಿ "ನೀಂಗ ಸೊಲ್ಲುಂಗಮ್ಮಾ", ನೀವು ಹೇಳಿ, ಎಂದರು. ಒಲೆಯ ಪಕ್ಕ ಮಲಗುವುದು, ಮೈ ದಪ್ಪವಾದದ್ದು, ಎಲ್ಲ ಹೇಳಿದೆ. ಅವರು ಚರ್ಮ ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡಿದರು. ಕಜ್ಜಿಯ ಹುಳ ಕಾಣಲಿಲ್ಲ. ಕತ್ತಿನಲ್ಲಿ ಥೈರಾಯ್ಡ್ ಎಂಬ ಗ್ರಂಥಿಯಿದೆ, ಅದರ ಹಾರ್ಮೋನ್ ಕಡಿಮೆಯಾದರೆ ಹೀಗೆ ಕೂದಲು ಉದುರುತ್ತದೆ, ಚಳಿಯಾಗುತ್ತದೆ, ಇದು ಅಂಟುವುದಿಲ್ಲ ಎಂದರು. ಅಲ್ಲಿ ರಕ್ತಪರೀಕ್ಷೆ ಇರಲಿಲ್ಲ. ಮಾತ್ರೆ ಕೊಟ್ಟು ನೋಡಬೇಕು, ಹಿಡಿದರೆ ಬದುಕಿರುವಷ್ಟು ದಿನವೂ ಕೊಡಬೇಕು.

ಸೇಲಂನಿಂದ ಮನುಷ್ಯರ ಥೈರಾಯ್ಡ್ ಮಾತ್ರೆ ತರಿಸಿದೆವು. ಬೆಳಿಗ್ಗೆ, ಸಂಜೆ, ದೇವರಿಗೆ ದೀಪ ಹಚ್ಚಿ ಮುದ್ದೆಯಲ್ಲಿಟ್ಟು ಕೊಡುತ್ತಿದ್ದೆ. ಎರಡನೇ ವಾರ ಕೆಂಚಿ ಒಲೆ ಬಿಟ್ಟು ಹಟ್ಟಿಯ ಬಾಗಿಲಿಗೆ ಹೋಯಿತು. ಎರಡು ತಿಂಗಳಿಗೆ ಪಕ್ಕೆಯಲ್ಲಿ ಕೆಂಪು ಕೂದಲು ಚಿಗುರಿತು. ಬೆರಳಿಟ್ಟು ಮುಟ್ಟಿ ಮುಟ್ಟಿ ಕೈಮುಗಿದೆ.

ಹಬ್ಬಕ್ಕೆ ನೆಂಟರು ಬಂದಾಗ ಭಾವ ಕೆಂಚಿಯ ಬೆನ್ನು ತಟ್ಟಿ, "ನಮ್ ಶೆಡ್ಡಿನ ಆಯಿಲ್ ಮಹಿಮೆ ನೋಡ್ರಲಾ!" ಎಂದರು.

ಊಟಕ್ಕೆ ಕುಳಿತಾಗ ಮಾತ್ರೆಯ ಶೀಸೆ ತಂದು ಅವರ ಎಲೆಯ ಪಕ್ಕದಲ್ಲಿಟ್ಟೆ. "ಇವತ್ತಿಂದ ಇದ್ನ ನಿಲ್ಲುಸ್ತೀನಿ ಭಾವ. ನೀವೇ ಆಯಿಲ್ ಬಳ್ದು ಕಾಪಾಡಿ."

ಭಾವ ಶೀಸೆಯನ್ನು ಮೆಲ್ಲಗೆ ನನ್ನ ಕಡೆಗೆ ಸರಿಸಿದರು.

ಕೆಂಚಿ ಇನ್ನೂ ನಾಲ್ಕು ವರ್ಷ ಹಟ್ಟಿ ಕಾಯಿತು. ನನ್ನ ಸಿಟ್ಟು ಇಂದಿಗೂ ಆರಿಲ್ಲ. ಕಾಯಿಲೆಯ ಜೀವ ಮಾತಾಡದಿದ್ದರೆ, ಅದಕ್ಕೆ ದಿನಾ ತಟ್ಟೆ ಇಡುವವರನ್ನು ಕೇಳಿ. ಅವರು ಬಾಗಿಲ ಹೊರಗೆ ನಿಂತಿರುತ್ತಾರೆ.