ಕ್ಲಚ್ಚಿಲ್ಲದ ಕಾರು

ನಮ್ಮ ಕಾರಿಗೆ ಕ್ಲಚ್ ಇರಲಿಲ್ಲ. ಗೇರು ತಾನಾಗಿಯೇ ಬದಲಾಗುವ ಹಳೆಯ ಗಾಡಿ. ನನ್ನ ಹೆಂಡತಿಗಾಗಿ ಹುಡುಕಿ ಹುಡುಕಿ ಸೆಕೆಂಡ್ ಹ್ಯಾಂಡಿನಲ್ಲಿ ತಂದದ್ದು. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಅವಳ ಎಡಗಾಲಿಗೆ ಬಲವಿಲ್ಲ. ಬಲಗಾಲೊಂದೇ ಸಾಕಾಗುವ ಆ ಕಾರು ಬಂದಮೇಲೆ ಮಳವಳ್ಳಿಯ ನಮ್ಮ ಮನೆಯಿಂದ ಬೆಳಕವಾಡಿ ಕಡೆಯ ತನ್ನ ಸ್ಕೂಲಿಗೆ ತಾನೇ ಓಡಿಸಿಕೊಂಡು ಹೋಗುತ್ತಿದ್ದಳು. ಬಸ್ಸಿಗೆ ಕಾಯುತ್ತಿದ್ದ ಟೀಚರುಗಳನ್ನೂ ಹತ್ತಿಸಿಕೊಳ್ಳುತ್ತಿದ್ದಳು. ಸಂಜೆ ಬಂದು, ಕಬ್ಬಿನ ಟ್ರ್ಯಾಕ್ಟರನ್ನು ಹೇಗೆ ಹಿಂದೆ ಹಾಕಿದೆ ಅಂತ ಜಂಬ ಕೊಚ್ಚುತ್ತಿದ್ದಳು. ನಾನು ಹೂಂ ಅನ್ನುತ್ತಿದ್ದೆ, ಅಷ್ಟೆ.

ಹೊಟ್ಟೆಕಿಚ್ಚು ಅಂದರೆ ಪೂರ್ತಿ ನಿಜವಲ್ಲ. ಆದರೆ ಭಾನುವಾರ ನಾನು ಆ ಕಾರು ತೆಗೆದರೆ, ನನ್ನ ಗೊಬ್ಬರದ ಅಂಗಡಿಯ ಮುಂದೆ ಕೂರುವ ಗೆಳೆಯರು ಸುಮ್ಮನೆ ಬಿಡುತ್ತಿರಲಿಲ್ಲ. ಅವರಲ್ಲೊಬ್ಬ ಲಾರಿ ಇಟ್ಟವನು. "ಗೇರ್ ಆಕ್ದೆ ಓಡ್ಸೋದು ಅದ್ಯಾವ ಡ್ರೈವಿಂಗ್ಲಾ? ಎಡಗಾಲು ಇರೋದ್ಯಾಕ್ಲಾ?" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಎಡಗಾಲಿನ ಮಾತಿಗೆ ನಾನು ನಗಬಾರದು ಅಂತ ಆಗ ಹೊಳೆಯಲೂ ಇಲ್ಲ.

ಕಳೆದ ವರ್ಷ ಒಂದು ಮದುವೆ ಮುಗಿಸಿ ಒಬ್ಬನೇ ಬರುವಾಗ ಮದ್ದೂರಿನ ಹತ್ತಿರ ಗೇರ್‌ಬಾಕ್ಸು ಕೈಕೊಟ್ಟಿತು. ಎಷ್ಟು ಒತ್ತಿದರೂ ಇಂಜಿನ್ ಅರಚುತ್ತದೆ, ಗಾಡಿ ಕದಲದು. ಮಂಡ್ಯದ ಗ್ಯಾರೇಜಿಗೆ ಎಳೆಸಿಕೊಂಡು ಹೋದೆ. ಅಲ್ಲಿನ ಮೆಕ್ಯಾನಿಕ್ ಸಾಹೇಬರು ವಯಸ್ಸಾದವರು, ಮಾತು ಕಡಿಮೆ; ಮೊದಲಿನಿಂದಲೂ ನಮ್ಮ ಕಾರಿನ ಸರ್ವೀಸು ಮಾಡುತ್ತಿದ್ದವರು, ನನ್ನ ಹೆಂಡತಿಯನ್ನೂ ಬಲ್ಲವರು. ರಿಪೇರಿ ಆಗುತ್ತದೆ, ಆದರೆ ಸಾಮಾನು ಬರುವುದಕ್ಕೆ ಎರಡು ತಿಂಗಳು ಕಾಯಬೇಕು ಅಂದರು. ಬೇಡವಾದರೆ ಇದೇ ಮಾಡೆಲ್ಲಿನ, ಅಪಘಾತವಾದ ಕಾರಿನಿಂದ ಬಿಚ್ಚಿದ ಮಾಮೂಲಿ ಗೇರ್‌ಬಾಕ್ಸು ಇದೆ, ಕ್ಲಚ್ಚು ಪೆಡಲ್ಲು ಎಲ್ಲ ಸೇರಿಸಿ ಕೂರಿಸಿಕೊಡುತ್ತೇನೆ ಅಂದರು. ಅದನ್ನೇ ಹಾಕಿ ಅಂದೆ. ಅವರು ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ ನಿಂತರು.

"ಮೇಡಮ್ಮೋರು ಎಂಗ್ ಓಡುಸ್ತಾರೆ ಸಾ? ಒಂದ್ ಮಾತು ಕೇಳ್ಬುಡಿ."

ಫೋನು ಜೇಬಿನಲ್ಲೇ ಇತ್ತು. "ನಾನಿಲ್ವಾ, ಬುಟ್ಟು ಬತ್ತೀನಿ ಬುಡಿ" ಅಂದೆ.

ಕಾರು ರಿಪೇರಿಯಲ್ಲಿದೆ ಅಂತಷ್ಟೇ ಅವಳಿಗೆ ಹೇಳಿದ್ದೆ. ಹತ್ತು ದಿನ ಬಸ್ಸಿನಲ್ಲಿ ಓಡಾಡಿದಳು. ಕೆಲಸ ಮುಗಿದ ದಿನ ನಾನು ಏನೋ ಘನಕಾರ್ಯ ಮಾಡಿದವನ ಹಾಗೆ ಮೊದಲು ಅಂಗಡಿಯ ಮುಂದೆ ನಿಲ್ಲಿಸಿ, ಗೆಳೆಯರಿಗೆ ಗೇರು ಹಾಕಿ ತೋರಿಸಿ, ಆಮೇಲೆ ಮನೆಗೆ ಬಂದೆ. ಅವಳು ಖುಷಿಯಿಂದ ಹೊರಗೆ ಬಂದು ಡ್ರೈವರ್ ಸೀಟಿನಲ್ಲಿ ಕೂತಳು. ಕೆಳಗೆ ನೋಡಿದಳು. ಎರಡೂ ಕೈಯಿಂದ ಎಡಗಾಲನ್ನು ಎತ್ತಿ ಕ್ಲಚ್ಚಿನ ಮೇಲಿಟ್ಟು, ಮಂಡಿಯ ಮೇಲೆ ಕೈಯೂರಿ ಒತ್ತಿದಳು. ಪೆಡಲ್ಲು ಅರ್ಧವೂ ಇಳಿಯಲಿಲ್ಲ. ಇನ್ನೊಮ್ಮೆ ಒತ್ತಿದಳು.

ನಾನು ಬಾಗಿಲು ಹಿಡಿದು ನಿಂತಿದ್ದೆ. ಆಗಲಾದರೂ ನಿಜ ಹೇಳಬಹುದಿತ್ತು. ಹಳೆಯದು ರಿಪೇರಿ ಆಗುವುದೇ ಇಲ್ಲ ಅಂದುಬಿಟ್ಟರು, ಬೇರೆ ದಾರಿ ಇರಲಿಲ್ಲ ಅಂತ ಬಾಯಿಗೆ ಬಂದ ಸುಳ್ಳು ಹೇಳಿದೆ. ಅವಳು ನಂಬಿದಳು. ನಂಬಿದ್ದಲ್ಲದೆ ನನಗೇ ಸಮಾಧಾನ ಹೇಳಿದಳು: "ಓಗ್ಲಿ ಬುಡಿ, ನೀವ್ ತಾನೆ ಏನ್ ಮಾಡಕ್ಕಾಯ್ತದೆ."

ಮಾರನೆಯ ದಿನವೇ ಮಂಡ್ಯಕ್ಕೆ ಫೋನ್ ಮಾಡಿ ಹಳೆಯದನ್ನೇ ಸರಿಮಾಡಿ ಹಾಕಿಕೊಡಿ ಅಂತ ಕೇಳಿದೆ. ಅದು ಆಗಲೇ ಗುಜರಿಗೆ ಹೋಗಿತ್ತು. ಅಂಥದ್ದು ಇನ್ನೊಂದು ಎಲ್ಲಾದರೂ ಸಿಕ್ಕರೆ ತಿಳಿಸುತ್ತೇನೆ ಅಂದರು ಸಾಹೇಬರು. ಬೈದಿದ್ದರೆ ಚೆನ್ನಾಗಿತ್ತು.

ಈಗ ದಿನಾ ನಾನೇ ಅವಳನ್ನು ಸ್ಕೂಲಿಗೆ ಬಿಡುತ್ತೇನೆ. ಮೊನ್ನೆ ಸ್ಕೂಲಿನ ಗೇಟಿನ ಹತ್ತಿರ ಹೊಸದಾಗಿ ಬಂದ ಟೀಚರೊಬ್ಬರು, ನೀವೇ ಓಡಿಸುತ್ತಿದ್ದಿರಂತೆ, ಯಾಕೆ ಬಿಟ್ಟಿರಿ ಅಂತ ಅವಳನ್ನು ಕೇಳಿದರು.

"ಗೇರ್‌ಬಾಕ್ಸು ಓಗ್ಬುಡ್ತು ಕಣಮ್ಮ. ಪಾಪ, ನಮ್ಮನೆಯೋರು ಎಲ್ಲೆಲ್ಲೋ ಅಲ್ದು ನೋಡುದ್ರು, ಸಿಗ್ಲಿಲ್ಲ."

ನಾನು ಎಲ್ಲೂ ಅಲೆದಿರಲಿಲ್ಲ. ಅಷ್ಟು ದೊಡ್ಡ ಸುಳ್ಳನ್ನು ನಾನೂ ಹೇಳಿರಲಿಲ್ಲ. ನನ್ನ ಮೇಲಿನ ನಂಬಿಕೆಯಿಂದ ಅವಳೇ ಸೇರಿಸಿಕೊಂಡದ್ದು.